96 ಗಂಟೆ, 72 ಗಂಟೆ: ದಸರಾ ಮುಗಿಸಿ ಮಾಲ್ದೀವ್ಸ್‌ಗೆ ಹೋದ ಒಂದು ಕುಟುಂಬದ ಪ್ರಕರಣ

ಕೋವಿಡ್ ಕಾಲದಲ್ಲಿ ಮಾಲ್ದೀವ್ಸ್‌ಗೆ ಹೋಗೋದು ತುಂಬಾ ಸುಲಭ ಅಂತ ಎಲ್ಲರೂ ನಂಬಿದ್ದರು. ನಂಬಲು ಕಾರಣವೂ ಇತ್ತು. 2020ರ ಜುಲೈ 15ಕ್ಕೇ ಆ ದೇಶ ಪ್ರವಾಸಿಗರಿಗೆ ಬಾಗಿಲು ತೆರೆದಿತ್ತು. ಇಳಿದ ಮೇಲೆ ಅಲ್ಲೇ 30 ದಿನದ ಉಚಿತ ವೀಸಾ ಕೊಡುತ್ತಿದ್ದರು. ಬೇರೆ ದೇಶಗಳ ಹಾಗೆ ಹೋಟೆಲ್ ರೂಮಿನಲ್ಲಿ ಕೂಡಿಹಾಕುತ್ತಿರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಭಾರತದ ಜೊತೆ ಏರ್ ಬಬಲ್ ಒಪ್ಪಂದವೂ ಆಯಿತು, ಅಂದರೆ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದಾಗಲೂ ಎರಡು ದೇಶಗಳ ನಡುವೆ ವಿಮಾನ ಓಡಿಸುವ ಏರ್ಪಾಡು. 2020ರಲ್ಲಿ ಆ ದ್ವೀಪಗಳಿಗೆ ಹೋದ ಪ್ರವಾಸಿಗರಲ್ಲಿ ಭಾರತದವರೇ ಮೊದಲ ಸ್ಥಾನದಲ್ಲಿದ್ದರು.

ಸುಲಭ ಇದ್ದದ್ದು ಒಳಗೆ ಹೋಗುವುದು ಮಾತ್ರ. ಹೊರಡುವ ಮುಂಚಿನ ನಾಲ್ಕು ದಿನ ಮತ್ತು ವಾಪಸ್ ಬರುವ ಮುಂಚಿನ ಮೂರು ದಿನ ಹೇಗಿರುತ್ತವೆ ಅಂತ ಯಾರೂ ಹೇಳುತ್ತಿರಲಿಲ್ಲ. ಈ ಪ್ರಕರಣ ಆ ದಿನಗಳದ್ದು.

ಕುಟುಂಬ ಮೈಸೂರಿನದು. ಗಂಡ, ಹೆಂಡತಿ, ಏಳು ವರ್ಷದ ಮಗಳು, ಗಂಡನ ತಾಯಿ. ನಾನು ಟಿಕೆಟ್, ಹೋಟೆಲ್ ಬುಕಿಂಗ್ ಮಾಡಿಕೊಡುವ ಕೆಲಸದವನು. ಇವರು ನನ್ನ ಹಳೆಯ ಗಿರಾಕಿಗಳು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಬರೆದಿಲ್ಲ.

ಮೊದಲ ಪ್ಲಾನು

ಇವರು ನನ್ನ ಹತ್ತಿರ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಕೇಸುಗಳು ಕಡಿಮೆಯಾಗಿದ್ದವು, ಇನ್ನೇನು ಮುಗಿಯಿತು ಅಂತ ಎಲ್ಲರಿಗೂ ಅನ್ನಿಸಿತ್ತು. ಬೇಸಿಗೆ ರಜೆಯಲ್ಲಿ, ಮೇ 1ಕ್ಕೆ ಹೊರಡುವುದು ಅಂತಾಯಿತು. ಎರಡು ರಾತ್ರಿ ಮಾಫುಶಿಯ ಗೆಸ್ಟ್ ಹೌಸಿನಲ್ಲಿ, ಮೂರು ರಾತ್ರಿ ರೆಸಾರ್ಟಿನಲ್ಲಿ. ಮಾಫುಶಿ ಜನವಸತಿ ಇರುವ ದ್ವೀಪ. ಶಾಲೆ, ಮಸೀದಿ, ಅಂಗಡಿ ಎಲ್ಲ ಇವೆ. ರಾಜಧಾನಿ ಮಾಲೆಯಿಂದ ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆ ಒಳಗಿನ ದಾರಿ. ರೆಸಾರ್ಟುಗಳ ಮಾತು ಬೇರೆ. ಒಂದು ದ್ವೀಪ ಅಂದರೆ ಒಂದು ರೆಸಾರ್ಟು, ಬೇರೆ ಊರು ಕೇರಿ ಏನೂ ಇರುವುದಿಲ್ಲ. ಸಾಂಕ್ರಾಮಿಕದ ನಡುವೆಯೂ ಆ ದೇಶ ಧೈರ್ಯವಾಗಿ ಬಾಗಿಲು ತೆರೆದದ್ದು ಇದೇ ಕಾರಣಕ್ಕೆ. ಸಮುದ್ರವೇ ಕ್ವಾರಂಟೈನ್ ಕೆಲಸ ಮಾಡುತ್ತಿತ್ತು.

ದುಡ್ಡು ಉಳಿಯುತ್ತದೆ ಅಂತ ಗೆಸ್ಟ್ ಹೌಸ್ ಸೇರಿಸಿದ್ದು ಯಜಮಾನರ ಐಡಿಯಾ. ಎರಡು ಕಡೆ ಉಳಿದುಕೊಳ್ಳುವುದು ನನಗೆ ಅಷ್ಟು ಇಷ್ಟವಿರಲಿಲ್ಲ. ಬಾಗಿಲು ತೆರೆದ ಶುರುವಿನಲ್ಲಿ ಇಡೀ ವಾಸ್ತವ್ಯ ಒಂದೇ ಕಡೆ ಇರಬೇಕು ಅನ್ನುವ ನಿಯಮವಿತ್ತು. ಆಮೇಲೆ ಸಡಿಲ ಮಾಡಿದರು. ಸಡಿಲ ಮಾಡಿದ್ದನ್ನು ಮತ್ತೆ ಬಿಗಿ ಮಾಡಲು ಎಷ್ಟು ಹೊತ್ತು? ಆದರೂ ಅವರ ಇಷ್ಟದಂತೆ ಬುಕ್ ಮಾಡಿದೆ. ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ: ತಾರೀಕು ಬದಲಾಯಿಸಿದರೆ ದುಡ್ಡು ಕಟ್ ಮಾಡಬಾರದು, ಅದನ್ನು ಇಮೇಲ್‌ನಲ್ಲಿ ಬರೆದುಕೊಡಬೇಕು. ರೆಸಾರ್ಟಿನವರು ಬರೆದುಕೊಟ್ಟರು. ಗೆಸ್ಟ್ ಹೌಸಿನವರು ಬಂದ ಮೇಲೆ ಕೊಟ್ಟರೆ ಸಾಕು ಅಂದರು. ವಿಮಾನದ ಟಿಕೆಟ್ ಮಾತ್ರ ಪೂರ್ತಿ ಮುಂಗಡ.

ಏಪ್ರಿಲ್ ಬರುವ ಹೊತ್ತಿಗೆ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಎರಡನೇ ಅಲೆ. ಏಪ್ರಿಲ್ 22ರ ಲೆಕ್ಕದಲ್ಲಿ ದೇಶದಲ್ಲಿ ಒಂದೇ ದಿನ ಮೂರು ಲಕ್ಷಕ್ಕೂ ಜಾಸ್ತಿ ಹೊಸ ಕೇಸು. ಭಾರತದಿಂದ ಬರುವ ಪ್ರವಾಸಿಗರು ಏಪ್ರಿಲ್ 27ರಿಂದ ಜನವಸತಿ ದ್ವೀಪಗಳಲ್ಲಿ ಉಳಿಯುವಂತಿಲ್ಲ ಅಂತ ಮಾಲ್ದೀವ್ಸ್ ಹೇಳಿತು. ಮಾಫುಶಿ ಅಲ್ಲಿಗೆ ಮುಗಿಯಿತು. ಅದೇ 27ರ ರಾತ್ರಿ 9 ಗಂಟೆಯಿಂದ ಕರ್ನಾಟಕದಲ್ಲೂ ಲಾಕ್‌ಡೌನ್ ಶುರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೇ 1ರಂದು ಕಾಗದದ ಮೇಲೆ ಇವರು ಹೋಗಬಹುದಿತ್ತು. ರೆಸಾರ್ಟುಗಳು ಇನ್ನೂ ಭಾರತೀಯರನ್ನು ತೆಗೆದುಕೊಳ್ಳುತ್ತಿದ್ದವು. ಲಾಕ್‌ಡೌನಿನಲ್ಲೂ ಟಿಕೆಟ್ ತೋರಿಸಿದರೆ ವಿಮಾನ ನಿಲ್ದಾಣಕ್ಕೆ ಬಿಡುತ್ತಿದ್ದರು. ಗೆಸ್ಟ್ ಹೌಸಿನ ಎರಡು ರಾತ್ರಿಯನ್ನೂ ರೆಸಾರ್ಟಿಗೇ ಸೇರಿಸಿಬಿಡಿ ಅಂತ ಯಜಮಾನರು ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು. ಹಿಂದಿನಿಂದ ತಾಯಿಯ ದನಿ ಕೇಳಿಸಿತು: "ಪಕ್ಕದ ಬೀದೀಲಿ ಆಕ್ಸಿಜನ್ ಸಿಗ್ದೆ ಒದ್ದಾಡ್ತಾ ಇದಾರೆ. ಈಗ ಹೋಗಿ ಸಮುದ್ರದಲ್ಲಿ ಆಡೋದೇನೋ? ನಾನಂತೂ ಬರಲ್ಲ ಕಣಪ್ಪಾ."

ಆಕೆ ಬರದೇ ಹೋದರೆ ಪ್ರವಾಸವೇ ಇಲ್ಲ. ಕ್ಯಾನ್ಸಲ್ ಮಾಡಿದೆವು. ಅದೇ ವಾರಗಳಲ್ಲಿ ಸಿನಿಮಾ ತಾರೆಯರು ಮಾಲ್ದೀವ್ಸ್‌ನಿಂದ ಹಾಕುತ್ತಿದ್ದ ಫೋಟೋಗಳಿಗೆ ಜನ ಬೈಯುತ್ತಿದ್ದರು. ಬೈದದ್ದು ಸರಿಯೇ ಅಂತ ನನಗೆ ಅನ್ನಿಸುತ್ತದೆ, ಈ ವ್ಯಾಪಾರದಲ್ಲೇ ಅನ್ನ ತಿನ್ನುವವನಾದರೂ. ನೈತಿಕತೆ ಪಕ್ಕಕ್ಕಿಟ್ಟು ನೋಡಿದರೂ ತಾಯಿಯ ತೀರ್ಮಾನವೇ ಸರಿ. ಮೇ 13ಕ್ಕೆ ದಕ್ಷಿಣ ಏಷ್ಯಾದವರಿಗೆ ಪ್ರವಾಸಿ ವೀಸಾವನ್ನೇ ನಿಲ್ಲಿಸಿದರು. ಅಲ್ಲಿ ಯಾರಿಗಾದರೂ ಪಾಸಿಟಿವ್ ಬಂದಿದ್ದರೆ ಐಸೊಲೇಷನ್ ಮುಗಿಯುವ ಹೊತ್ತಿಗೆ ಪರಿಸ್ಥಿತಿ ಏನಾಗಿರುತ್ತಿತ್ತೋ.

ರೆಸಾರ್ಟಿನವರು ಮಾತಿನಂತೆ ತಾರೀಕು ಮುಂದಕ್ಕೆ ಹಾಕಿದರು. ಟಿಕೆಟ್ ದುಡ್ಡು ಕ್ರೆಡಿಟ್ ಆಗಿ ಉಳಿಯಿತು.

ಎರಡನೇ ಸಲ

ದಕ್ಷಿಣ ಏಷ್ಯಾದವರಿಗೆ ಜುಲೈ 15ರಿಂದ ಮತ್ತೆ ಬಾಗಿಲು ತೆರೆಯಿತು. ಆಗಸ್ಟ್‌ನಲ್ಲಿ ಮತ್ತೆ ಕೂತೆವು. ಈ ಸಲ ಜನವಸತಿ ದ್ವೀಪ ಬೇಡ, ಪೂರ್ತಿ ಐದು ರಾತ್ರಿ ಒಂದೇ ರೆಸಾರ್ಟು ಅಂತ ಎಲ್ಲರೂ ಒಪ್ಪಿದರು. ತಾರೀಕಿನ ಮಾತು ಬಂತು. ದಸರಾ ರಜೆಯಲ್ಲೇ ಹೋಗಬೇಕು, ಆದರೆ ದಸರಾ ಬಿಟ್ಟು ಹೋಗುವಂತಿಲ್ಲ. ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸಿ, ಮಾರನೇ ದಿನ ಎಲ್ಲ ಎತ್ತಿಟ್ಟ ಮೇಲೆಯೇ ತಾಯಿ ಹೊಸಿಲು ದಾಟುವುದು. 2021ರಲ್ಲಿ ವಿಜಯದಶಮಿ ಅಕ್ಟೋಬರ್ 15, ಶುಕ್ರವಾರ. ಹಾಗಾಗಿ 17ರ ಭಾನುವಾರ ಬೆಳಿಗ್ಗೆ ಹತ್ತೂವರೆಯ ವಿಮಾನ, ವಾಪಸ್ 22ರ ಶುಕ್ರವಾರ ಮಧ್ಯಾಹ್ನ.

ರೆಸಾರ್ಟು ಆರಿಸುವಾಗ ನೀರಿನ ಬಣ್ಣ ನೋಡಬೇಡಿ, ಮಾಲೆಯಿಂದ ಎಷ್ಟು ದೂರ ನೋಡಿ ಅಂತ ಹೇಳಿದೆ. ದೂರದ ಅಟೋಲುಗಳಿಗೆ, ಅಂದರೆ ಹವಳದ ದ್ವೀಪಗಳ ಗುಂಪುಗಳಿಗೆ, ನೀರಿನ ಮೇಲೆ ಇಳಿಯುವ ಸೀಪ್ಲೇನಿನಲ್ಲಿ ಹೋಗಬೇಕು. ಅದು ಹಗಲು ಮಾತ್ರ ಹಾರುತ್ತದೆ. ವಿಮಾನ ತಡವಾದರೆ ಆ ರಾತ್ರಿ ಮಾಲೆ ಅಥವಾ ಪಕ್ಕದ ಹುಲ್ಹುಮಾಲೆ ದ್ವೀಪದಲ್ಲಿ ತಂಗಬೇಕು. ಹೋಗಿಬರಲು ಒಬ್ಬರಿಗೆ 400 ಡಾಲರ್ ದಾಟುವುದೂ ಉಂಟು. ಆದರೆ ನನ್ನ ಮುಖ್ಯ ಕಾರಣ ಅದಲ್ಲ. ವಾಪಸ್ ಬರುವಾಗ ಭಾರತಕ್ಕೆ ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟ್ ಬೇಕು, ಪ್ರಯಾಣಕ್ಕೆ 72 ಗಂಟೆ ಒಳಗಿನದು. ಆ ನಿಯಮ 2021ರ ಫೆಬ್ರವರಿ 22ರ ರಾತ್ರಿಯಿಂದ ಜಾರಿಯಲ್ಲಿತ್ತು. ಸಣ್ಣ ದ್ವೀಪದಲ್ಲಿ ಲ್ಯಾಬ್ ಎಲ್ಲಿರುತ್ತದೆ? ಸ್ವಾಬ್ ತೆಗೆದು ದೋಣಿಯಲ್ಲಿ ಕಳಿಸಬೇಕು. ಮಾಲೆಗೆ ಹತ್ತಿರವಿದ್ದಷ್ಟೂ ರಿಪೋರ್ಟ್ ಬೇಗ. ಹಾಗಾಗಿ ಮಾಲೆಗೆ ಹತ್ತಿರವಿರುವ, ಸ್ಪೀಡ್‌ಬೋಟಿನಲ್ಲಿ ಹೋಗುವ ರೆಸಾರ್ಟೇ ಸರಿ ಅಂತಾಯಿತು.

ಬುಕ್ ಮಾಡುವ ಮುಂಚೆ ರೆಸಾರ್ಟಿನವರಿಗೆ ನಾನು ಬರೆದದ್ದು ಇಷ್ಟೇ: ವಾರದ ಯಾವ ದಿನ ಸ್ವಾಬ್ ಕಳಿಸುತ್ತೀರಿ, ಯಾವ ದಿನ ಕಳಿಸುವುದಿಲ್ಲ? ಪಾಸಿಟಿವ್ ಬಂದರೆ ಎಲ್ಲಿ ಇಡುತ್ತೀರಿ, ರೂಮ್ ಬಾಡಿಗೆ ಎಷ್ಟು, ಊಟ ಯಾರದ್ದು? ಮಗುವಿಗೊಂದೇ ಪಾಸಿಟಿವ್ ಬಂದರೆ ಅದರ ತಾಯಿ ಜೊತೆಗಿರಬಹುದಾ? ಮೊದಲ ಪ್ರಶ್ನೆಗೆ ಬಂದ ಉತ್ತರವೇ ಆಮೇಲೆ ಕೈ ಹಿಡಿಯಿತು. ಶುಕ್ರವಾರ, ಶನಿವಾರ ಮಾಲ್ದೀವ್ಸ್‌ನಲ್ಲಿ ವಾರದ ರಜೆ. ಇವರ ವಾಪಸ್ ವಿಮಾನವೂ ಶುಕ್ರವಾರ. ಗುರುವಾರ ಸಂಜೆಯೊಳಗೆ ರಿಪೋರ್ಟ್ ಕೈಗೆ ಬರಲೇಬೇಕು ಅಂತ ಆಗಲೇ ಗೊತ್ತಾಯಿತು.

ಆಯುಧಪೂಜೆ ಮತ್ತು ಲ್ಯಾಬ್

ಮದುವೆ ಮುಹೂರ್ತ ಗೊತ್ತಾದ ಮೇಲೆ ಹಿಂದಕ್ಕೆ ಲೆಕ್ಕ ಹಾಕಿ ಚಪ್ಪರ, ಅಡುಗೆಯವರು, ಓಲಗ ಅಂತ ಒಂದೊಂದೇ ಗೊತ್ತು ಮಾಡುತ್ತೇವಲ್ಲ, ಇಲ್ಲೂ ಹಾಗೇ. ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು.

ಮಾಲ್ದೀವ್ಸ್ ಕೇಳುತ್ತಿದ್ದದ್ದು ಹೊರಡುವ 96 ಗಂಟೆ ಒಳಗೆ ಸ್ಯಾಂಪಲ್ ಕೊಟ್ಟ ಪಿಸಿಆರ್ ರಿಪೋರ್ಟ್. ಒಂದು ವರ್ಷದೊಳಗಿನ ಕೂಸುಗಳಿಗೆ ಮಾತ್ರ ವಿನಾಯಿತಿ, ಹಾಗಾಗಿ ಏಳು ವರ್ಷದ ಮಗಳಿಗೂ ಬೇಕು. ಭಾನುವಾರ ಹತ್ತೂವರೆಯಿಂದ 96 ಗಂಟೆ ಹಿಂದೆ ಹೋದರೆ ಬುಧವಾರ, 13ನೇ ತಾರೀಕು ಹತ್ತೂವರೆ. ಅದಕ್ಕೂ ಮುಂಚೆ ಸ್ಯಾಂಪಲ್ ಕೊಟ್ಟರೆ ಲೆಕ್ಕಕ್ಕಿಲ್ಲ. ಸರಿ, ಬುಧವಾರ ಮಧ್ಯಾಹ್ನದಿಂದ ಶನಿವಾರದವರೆಗೆ ಬೇಕಾದಷ್ಟು ಸಮಯ ಇದೆಯಲ್ಲ ಅನ್ನಿಸುತ್ತದೆ. ಆದರೆ ಗುರುವಾರ ಆಯುಧಪೂಜೆ, ಶುಕ್ರವಾರ ವಿಜಯದಶಮಿ. ಮೈಸೂರಿನಲ್ಲಿ ಆ ಎರಡು ದಿನ ಯಾರನ್ನು ಕೆಲಸಕ್ಕೆ ಕರೆಯುತ್ತೀರಿ? ಆ ವರ್ಷ ಜಂಬೂಸವಾರಿ ಅರಮನೆ ಆವರಣದ ಒಳಗೇ ಮುಗಿಯಿತು, ಬೀದಿಯಲ್ಲಿ ಮೆರವಣಿಗೆ ಇರಲಿಲ್ಲ. ಆದರೂ ಹಬ್ಬ ಹಬ್ಬವೇ.

ಬುಧವಾರ ಮಧ್ಯಾಹ್ನವೇ ಕೊಟ್ಟುಬಿಡೋಣ ಅಂದರು ಯಜಮಾನರು. ನನಗೆ ಅದು ತೀರಾ ಅಂಚು ಅನ್ನಿಸಿತು. ವಿಮಾನದ ಸಮಯ ಸ್ವಲ್ಪ ಮುಂದಕ್ಕೆ ಹೋದರೆ, ಕೌಂಟರಿನಲ್ಲಿ ಕೂತವರು ಕಟ್ಟುನಿಟ್ಟಿನವರಾದರೆ ಗ್ರಹಚಾರ. ಶನಿವಾರಕ್ಕೆ ಬಿಟ್ಟರೆ ರಿಪೋರ್ಟ್ ಬರದೇ ಇರುವ ಭಯ. ಗುರುವಾರ ಬೆಳಿಗ್ಗೆ, ಲ್ಯಾಬಿನವರು ಯಂತ್ರಗಳಿಗೆ ಪೂಜೆ ಮಾಡುವ ಮುಂಚೆ ಅಂತ ಗೊತ್ತು ಮಾಡಿದೆವು. ಏಳು ಗಂಟೆಗೆ ಹೋದಾಗ ಹುಡುಗರು ಮಾವಿನ ಸೊಪ್ಪು ಕಟ್ಟುತ್ತಿದ್ದರಂತೆ. ಆಗ ನಮ್ಮಲ್ಲಿ ಖಾಸಗಿ ಲ್ಯಾಬಿಗೆ ಸರ್ಕಾರ ಗೊತ್ತು ಮಾಡಿದ್ದ ದರ 800 ರೂಪಾಯಿ.

ರಿಪೋರ್ಟ್ ರಾತ್ರಿಯೇ ಬಂತು, ನಾಲ್ವರದ್ದೂ ನೆಗೆಟಿವ್. ಖುಷಿಯಾಗುವ ಮುಂಚೆ ತಾಯಿಯ ಹೆಸರು ನೋಡಿದೆ. ಆಧಾರ್‌ನಲ್ಲಿ ಇರುವ ಹಾಗೆ ಎರಡು ಇನಿಷಿಯಲ್, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಆ ಎರಡು ಅಕ್ಷರ ಬಿಡಿಸಿ ಊರಿನ ಹೆಸರು, ಗಂಡನ ಹೆಸರು ಎಂದು ಉದ್ದಕ್ಕೆ ಇದೆ. ಮಾಲ್ದೀವ್ಸ್ ನಿಯಮದಲ್ಲಿ ಸ್ಪಷ್ಟವಾಗಿತ್ತು: ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು, ಲ್ಯಾಬಿನ ಹೆಸರು ಮತ್ತು ವಿಳಾಸ, ಸ್ಯಾಂಪಲ್ ತೆಗೆದ ದಿನ. ಉತ್ತರ ಭಾರತದವರಿಗೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ನಮ್ಮ ಹಳೇ ಮೈಸೂರಿನ ಕಡೆ ಮನೆಗೊಬ್ಬರಾದರೂ ಇರುತ್ತಾರೆ, ಒಂದೊಂದು ದಾಖಲೆಯಲ್ಲಿ ಒಂದೊಂದು ಹೆಸರು. ಸ್ಯಾಂಪಲ್ ಕೊಡುವಾಗ ಪಾಸ್‌ಪೋರ್ಟ್ ಕಾಪಿ ಕೊಟ್ಟಿದ್ದರು. ಆದರೆ ಎಂಟ್ರಿ ಮಾಡುವ ಹುಡುಗ ಹಳೆಯ ದಾಖಲೆ ನೋಡಿ ಟೈಪ್ ಮಾಡಿದ್ದ. ಮೊಬೈಲ್ ನಂಬರ್ ಹಾಕಿದ ಕೂಡಲೇ ಹಿಂದೆ ಟೆಸ್ಟ್ ಮಾಡಿಸಿದ್ದ ಹೆಸರೇ ಬಂದಿದೆ, ಅವನು ಸುಮ್ನೆ ಓಕೆ ಒತ್ತಿದ್ದಾನೆ.

ಮಾರನೇ ದಿನ ವಿಜಯದಶಮಿ, ಲ್ಯಾಬ್ ಮುಚ್ಚಿತ್ತು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮಗ ಅಲ್ಲೇ ನಿಂತಿದ್ದರು. ತಿದ್ದಿದ ರಿಪೋರ್ಟ್ ಹನ್ನೊಂದರ ಹೊತ್ತಿಗೆ ಸಿಕ್ಕಿತು. ಗುರುವಾರ ಕೊಟ್ಟಿದ್ದರ ಲಾಭ ಇದೇ, ತಿದ್ದಿಸಲು ಒಂದು ದಿನ ಉಳಿದಿತ್ತು. ಆಗಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಮೂಗಿಗೆ ಕಡ್ಡಿ ಹಾಕುವ ಮುಂಚೆ ರಸೀದಿಯ ಮೇಲಿನ ಹೆಸರು ಓದಿ. ಲಸಿಕೆ ಸರ್ಟಿಫಿಕೇಟಿಗೂ ಇದೇ ಮಾತು. ಕೋವಿನ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸುವ ವ್ಯವಸ್ಥೆ ಆ ವರ್ಷ ಜೂನ್‌ನಲ್ಲೇ ಬಂದಿತ್ತು. ಇವರ ಮೂರೂ ಸರ್ಟಿಫಿಕೇಟನ್ನು ಸೆಪ್ಟೆಂಬರಿನಲ್ಲೇ ಸರಿ ಮಾಡಿಸಿದ್ದೆವು.

ಇಮುಗಾ ಅನ್ನುವ ಅವರ ಇಮಿಗ್ರೇಷನ್ ಪೋರ್ಟಲಿನಲ್ಲಿ ಆರೋಗ್ಯ ಘೋಷಣೆ ತುಂಬಬೇಕಿತ್ತು. ಆಗ ಅದಕ್ಕೆ ಗಡುವು ಹೊರಡುವ ಮುಂಚಿನ 24 ಗಂಟೆ ಮಾತ್ರ. ಶನಿವಾರ ಮಧ್ಯಾಹ್ನ ಸೊಸೆ ಕೂತು ನಾಲ್ವರದ್ದೂ ತುಂಬಿದರು. ಪಾಸ್‌ಪೋರ್ಟ್ ವಿವರ, ಫೋಟೋ, ರೆಸಾರ್ಟ್ ಬುಕಿಂಗ್, ಪಿಸಿಆರ್ ರಿಪೋರ್ಟ್. ಮುಗಿದ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಪ್ರಿಂಟ್ ತೆಗೆಸಿ ಅತ್ತೆಯ ಕೈಚೀಲಕ್ಕೂ ಒಂದು ಹಾಕಿಟ್ಟರು.

ಚೀಲದೊಳಗಿನ ವಿಗ್ರಹ

ಕೋವಿಡ್‌ಗೆ ಸಂಬಂಧವೇ ಇಲ್ಲದ ಒಂದು ಅಡ್ಡಿ ಶನಿವಾರ ರಾತ್ರಿ ಬಂತು. ತಾಯಿ ಎಲ್ಲಿಗೆ ಹೋದರೂ ಅಂಗೈಯಷ್ಟು ಚಿಕ್ಕ ಬೆಳ್ಳಿ ಗಣಪತಿಯನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯುತ್ತಾರೆ. ಪೂಜೆಯ ವಿಗ್ರಹಗಳನ್ನು ಮಾಲ್ದೀವ್ಸ್ ಒಳಗೆ ತರುವಂತಿಲ್ಲ. ಮದ್ಯ, ಹಂದಿಮಾಂಸದ ಜೊತೆಗೆ ಇದೂ ಅವರ ಕಸ್ಟಮ್ಸ್ ನಿಷೇಧ ಪಟ್ಟಿಯಲ್ಲಿದೆ. ಮದ್ಯದ ವಿಷಯ ಎಲ್ಲ ಗಿರಾಕಿಗಳೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ.

ಮಗ ಹೇಳಲು ಹಿಂದೇಟು ಹಾಕಿದರು. ಸೊಸೆಯೇ ಹೇಳಿದರಂತೆ: "ಅತ್ತೆ, ಅಲ್ಲಿ ಬ್ಯಾಗ್ ತೆಗೆಸಿ ನೋಡ್ತಾರಂತೆ. ದೇವರನ್ನ ಅವರ ಕೈಗೆ ಕೊಟ್ಟು ಬರೋದಕ್ಕಿಂತ ಇಲ್ಲೇ ದೀಪ ಹಚ್ಚೋಕೆ ಪಕ್ಕದ ಮನೆಯವರಿಗೆ ಹೇಳೋಣ." ತಾಯಿ ಒಪ್ಪಿದರು. ಆ ಜಾಗಕ್ಕೆ ಚಟ್ನಿಪುಡಿ, ಕೋಡುಬಳೆ, ಬಿ.ಪಿ. ಮಾತ್ರೆ, ಡಾಕ್ಟರ ಚೀಟಿ ಹೋದವು.

ಹೋದ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಳಗಿನ ಜಾವ ಮೈಸೂರು ಬಿಟ್ಟರು. ದೇವನಹಳ್ಳಿಯಲ್ಲಿ ಏರ್‌ಲೈನ್ ಕೌಂಟರಿನವರು ರಿಪೋರ್ಟಿನ ಹೆಸರನ್ನು ಪಾಸ್‌ಪೋರ್ಟಿನ ಜೊತೆ ಅಕ್ಷರ ಅಕ್ಷರ ಹೋಲಿಸಿದರಂತೆ. ಹಳೆಯ ರಿಪೋರ್ಟ್ ಇದ್ದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಮಾಲೆಯಲ್ಲಿ ಉಷ್ಣಾಂಶ ನೋಡಿದರು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರು, ಮೊಹರು ಹಾಕಿದರು.

72 ಗಂಟೆ

ಬುಧವಾರ ಬೆಳಿಗ್ಗೆ ಸ್ವಾಬ್ ಕೊಡಬೇಕು. ಶುಕ್ರವಾರ ಎರಡು ಗಂಟೆಯ ವಿಮಾನದಿಂದ 72 ಗಂಟೆ ಹಿಂದೆ ಅಂದರೆ ಮಂಗಳವಾರ ಎರಡು ಗಂಟೆ. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿದ್ದೆವು. ಬುಧವಾರ ತೆಗೆದರೆ ಗುರುವಾರ ಸಂಜೆಗೆ ರಿಪೋರ್ಟ್. ಅಷ್ಟರಲ್ಲಿ ಇನ್ನೊಂದು ಸುದ್ದಿ: ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಅಕ್ಟೋಬರ್ 25ರಿಂದ ಶುರು. ಮಗಳು ಒಂದೂವರೆ ವರ್ಷದ ಮೇಲೆ ಶಾಲೆಗೆ ಹೋಗುವ ಸೋಮವಾರ ಅದು. ಯಾರಿಗಾದರೂ ಪಾಸಿಟಿವ್ ಬಂದರೆ ಅದೂ ತಪ್ಪುತ್ತದೆ. ಮಂಗಳವಾರ ರಾತ್ರಿ ಯಜಮಾನರು ಮೆಸೇಜ್ ಮಾಡಿದರು, "ಬೆಳಿಗ್ಗೆಯಿಂದ ಗಂಟಲು ಕೆರೀತಾ ಇದೆ ಸರ್." ಸಮುದ್ರದ ನೀರು ಕುಡಿದಿದ್ದೀರಿ ಅಷ್ಟೇ ಅಂತ ಉತ್ತರಿಸಿದೆ. ನನಗೂ ನಿದ್ದೆ ಬರಲಿಲ್ಲ.

ಗುರುವಾರ ಸಂಜೆ ರಿಪೋರ್ಟ್ ಬಂತು. ನೆಗೆಟಿವ್. ಹೆಸರು ಈ ಸಲ ಸರಿಯಾಗಿತ್ತು, ಅವರು ಪಾಸ್‌ಪೋರ್ಟ್ ಬಿಟ್ಟು ಬೇರೇನೂ ನೋಡುವುದಿಲ್ಲ. ಆ ರಾತ್ರಿ ಎರಡು ಫಾರಂ ತುಂಬಬೇಕಿತ್ತು. ದೇಶ ಬಿಡುವವರಿಗೂ ಇಮುಗಾ ಘೋಷಣೆ ಕಡ್ಡಾಯ. ಭಾರತಕ್ಕೆ ಬರಲು ನಮ್ಮ ಸರ್ಕಾರದ ಆನ್‌ಲೈನ್ ಆರೋಗ್ಯ ಘೋಷಣೆ ಏರ್ ಸುವಿಧಾ, ಅದಕ್ಕೆ ರಿಪೋರ್ಟ್ ಮತ್ತು ಪಾಸ್‌ಪೋರ್ಟ್ ಕಾಪಿ ಅಪ್‌ಲೋಡ್ ಮಾಡಬೇಕು. ಫೈಲ್ ದೊಡ್ಡದಾದರೆ ಒಳಗೆ ಹೋಗುವುದಿಲ್ಲ. ಇದು ಗೊತ್ತಿದ್ದರಿಂದ ಪಾಸ್‌ಪೋರ್ಟಿನ ಚಿಕ್ಕ ಫೈಲುಗಳನ್ನು ಮೈಸೂರಿನಲ್ಲೇ ಮಾಡಿ ಫೋನಿನಲ್ಲಿ ಇಟ್ಟುಕೊಟ್ಟಿದ್ದೆ. ದ್ವೀಪದ ವೈಫೈ ನಂಬಿಕೊಂಡು ಇಂಥ ಕೆಲಸ ಇಟ್ಟುಕೊಳ್ಳಬಾರದು.

ಶುಕ್ರವಾರ ರಾತ್ರಿ ಮೈಸೂರು ತಲುಪಿದರು. ಹದಿನಾಲ್ಕು ದಿನ ಆರೋಗ್ಯದ ಮೇಲೆ ನಿಗಾ ಇಡಿ ಅನ್ನುವ ಸೂಚನೆ ಇತ್ತು, ಇಟ್ಟರು. ಮಗಳು ಸೋಮವಾರ ಶಾಲೆಗೆ ಹೋದಳು.

ದುಡ್ಡಿನ ಮಾತು

ಇಷ್ಟೆಲ್ಲ ನಿಯಮ ಪಾಲಿಸಲು ಎಷ್ಟು ಖರ್ಚಾಯಿತು ಅಂತ ಆಮೇಲೆ ಕೂತು ನೋಡಿದೆವು. ಹೋಗುವಾಗಿನ ಟೆಸ್ಟು ನಾಲ್ವರಿಗೆ 3,200 ರೂಪಾಯಿ. ವಾಪಸ್ ಬರುವಾಗಿನದು ರೆಸಾರ್ಟಿನಲ್ಲಿ ಒಬ್ಬರಿಗೆ 100 ಡಾಲರ್, ಆಗಿನ ಲೆಕ್ಕದಲ್ಲಿ ನಾಲ್ವರಿಗೆ ಹತ್ತಿರ ಹತ್ತಿರ 30,000. ಪ್ಯಾಕೇಜ್ ಜಾಹೀರಾತಿನಲ್ಲಿ ಈ ದುಡ್ಡು ಎಲ್ಲೂ ಕಾಣುವುದಿಲ್ಲ. ದೊಡ್ಡ ಏಟು ಟಿಕೆಟ್ಟಿನದು. ಕ್ರೆಡಿಟ್ ಇತ್ತು ನಿಜ, ಆದರೆ ಅಕ್ಟೋಬರಿನ ದರ ಮೇ ತಿಂಗಳಿಗಿಂತ ಜಾಸ್ತಿ. ವ್ಯತ್ಯಾಸ ಕೈಯಿಂದಲೇ ಕಟ್ಟಬೇಕಾಯಿತು. ವಿಮೆ ಮಾಡಿಸಿದ್ದರು. ಅದರಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದರೆ ಖರ್ಚು ಸಿಗುತ್ತಿತ್ತು, ಲಕ್ಷಣವೇ ಇಲ್ಲದೆ ರೂಮಿನಲ್ಲಿ ಐಸೊಲೇಷನ್ ಆದರೆ ಬಾಡಿಗೆ ಸಿಗುತ್ತಿರಲಿಲ್ಲ. ಪಾಲಿಸಿಯ ಸಣ್ಣ ಅಕ್ಷರ ಓದಿದ ಮೇಲೆ ಯಜಮಾನರು ಅದಕ್ಕೆಂದೇ ಒಂದಷ್ಟು ದುಡ್ಡು ಬೇರೆ ಎತ್ತಿಟ್ಟುಕೊಂಡು ಹೋಗಿದ್ದರು. ಖರ್ಚಾಗದೆ ವಾಪಸ್ ಬಂತು.

ಆ ನಿಯಮಗಳು ಈಗಿಲ್ಲ. 2022ರ ಮಾರ್ಚ್‌ನಲ್ಲಿ ಮಾಲ್ದೀವ್ಸ್ ಪ್ರವಾಸಿಗರಿಗೆ ಪಿಸಿಆರ್ ತೆಗೆದುಹಾಕಿತು. ಏರ್ ಸುವಿಧಾ ಫಾರಂ ಆ ವರ್ಷ ನವೆಂಬರ್ 22ಕ್ಕೆ ನಿಂತಿತು. ವಿಗ್ರಹದ ನಿಯಮ ಹಾಗೇ ಇದೆ, ಇಮುಗಾ ಘೋಷಣೆಯೂ ಇದೆ. ಅದನ್ನು ಈಗ ವಿಮಾನಕ್ಕೆ 96 ಗಂಟೆ ಮುಂಚಿನಿಂದ ತುಂಬಬಹುದು. ಅದು ಪೂರ್ತಿ ಉಚಿತ. ಫೀಸು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ, ಅದು ಸರ್ಕಾರದ್ದಲ್ಲ.